ಐಸ್‌ಕ್ರೀಮ್ ಡಬ್ಬಿಯಲ್ಲಿದ್ದ ಉಪ್ಪಿನಕಾಯಿ

ಇದು ನಮ್ಮ ಶಾಲೆಗೆ ದೊಡ್ಡ ಟಿ.ವಿ. ಬಂದ ವರ್ಷದ ಮಾತು. ಹಂಗಳದಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಕನ್ನಡ ಟೀಚರು. ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮನೆಯಲ್ಲಿ ಆಡುವುದು ಉರ್ದು, ಅನ್ನ ಕೊಡುವುದು ಕನ್ನಡ. ನಾನು ಸೇರಿದ ಹೊಸತರಲ್ಲಿ, ಸಾಬರ ಮನೆ ಹೆಣ್ಣುಮಗಳು ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಾಳಾ ಎಂದು ಮೂಗು ಮುರಿದವರೇ ಈಗ ಲಗ್ನಪತ್ರಿಕೆಯನ್ನು ಅಚ್ಚಿಗೆ ಕೊಡುವ ಮುಂಚೆ ನನ್ನ ಹತ್ತಿರ ತಂದು ತಿದ್ದಿಸಿಕೊಂಡು ಹೋಗುತ್ತಾರೆ. ಅದಿರಲಿ.

ಬದನಗುಪ್ಪೆ ಕಡೆಯ ಒಂದು ಕಾರ್ಖಾನೆಯವರು ಆ ಟಿ.ವಿ.ಯನ್ನೂ ಜೊತೆಗೆ ಒಂದಷ್ಟು ಟ್ಯಾಬ್‌ಗಳನ್ನೂ ಕೊಟ್ಟಿದ್ದರು. ಹೆಡ್‌ಮಾಸ್ಟರು ಟಿ.ವಿ.ಗೆ ಹೂವು ಏರಿಸಿ, ಕಾಯಿ ಒಡೆದರು. ನನಗೂ ಖುಷಿಯೇ ಆಗಿತ್ತು. ಕಥೆ ಹಾಕಿದರೆ ಅದೇ ಓದುತ್ತಿತ್ತು. ಓದುವ ಪದ ಹಳದಿ ಬಣ್ಣಕ್ಕೆ ತಿರುಗುತ್ತಿತ್ತು. ಮಕ್ಕಳು ಅದರ ಜೊತೆಗೇ ಒಂದೇ ದನಿಯಲ್ಲಿ ಓದುತ್ತಿದ್ದರು. ನೋಡಲು ಬಂದವರೆಲ್ಲ ಭೇಷ್ ಅಂದರು.

ಒಂದು ದಿನ ಕಥೆಯ ಮಧ್ಯೆ ಕರೆಂಟು ಹೋಯಿತು. ಪರದೆ ಕಪ್ಪಾಯಿತು. ಆದರೆ ಮಕ್ಕಳು ಓದುವುದನ್ನು ನಿಲ್ಲಿಸಲಿಲ್ಲ. ಆ ಕಪ್ಪು ಪರದೆಯನ್ನೇ ನೋಡಿಕೊಂಡು ಕಥೆಯ ಕೊನೆಯವರೆಗೂ ಓದಿ ಮುಗಿಸಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಜೆ ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೊಳೆಯಿತು. ಇವರು ಓದುತ್ತಿರಲಿಲ್ಲ, ಗಿಳಿಪಾಠ ಒಪ್ಪಿಸುತ್ತಿದ್ದರು. ಮಾರನೆಯ ದಿನ ಅದೇ ಕಥೆಯನ್ನು ಪುಸ್ತಕದಲ್ಲಿ ಕೊಟ್ಟೆ. ಅರ್ಧಕ್ಕರ್ಧ ಮಕ್ಕಳು ಮೊದಲ ಸಾಲಿನಲ್ಲೇ ಎಡವಿ ನಿಂತರು.

ಹಾಗೆ ನಿಂತವರಲ್ಲಿ ಆರನೆಯ ತರಗತಿಯ ರಕ್ಷಿತಾ ಒಬ್ಬಳು. ಟಿ.ವಿ. ಜೊತೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳೇ ಅವಳು. ಪುಸ್ತಕ ಕೈಗೆ ಬಂದರೆ ಒತ್ತಕ್ಷರ ಕಂಡಲ್ಲೆಲ್ಲ ಗಾಡಿ ನಿಂತುಬಿಡುತ್ತಿತ್ತು. ಆದರೆ ಹಠಮಾರಿ. ಬೆರಳನ್ನು ಅಕ್ಷರದ ಕೆಳಗೆ ಊರಿದರೆ ಅದನ್ನು ಓದದೆ ಬೆರಳು ಮುಂದೆ ಸರಿಯುತ್ತಿರಲಿಲ್ಲ. ಅವಳಪ್ಪನಿಗೆ ಬದನಗುಪ್ಪೆಯಲ್ಲಿ ಕೆಲಸ. ಅಲ್ಲೇ ರೂಮು ಮಾಡಿಕೊಂಡು ಭಾನುವಾರಕ್ಕೆ ಬರುತ್ತಿದ್ದ. ಹೊಲ, ಹಸು, ಮನೆ ಎಲ್ಲ ತಾಯಿ ಮಹದೇವಮ್ಮನ ಪಾಲಿಗೆ. ಆಕೆಗೆ ಅಕ್ಷರ ಗೊತ್ತಿರಲಿಲ್ಲ. ಪೋಷಕರ ಸಭೆಗೆ ಬಂದರೆ ಹೆಬ್ಬೆಟ್ಟು ಒತ್ತಿ, ಕೈ ಸೆರಗಿಗೆ ಒರೆಸಿಕೊಂಡು, ನನ್ನ ಮುಖ ನೋಡದೆ ಹೋಗಿಬಿಡುತ್ತಿದ್ದಳು.

ನಾನು ಒಂದು ಉಪಾಯ ಮಾಡಿದೆ. ಅರ್ಧ ಪೀರಿಯಡ್ ಟಿ.ವಿ., ಇನ್ನರ್ಧ ಮನೆಯಿಂದ ತಂದ ಕಾಗದ. ಅಕ್ಷರ ಇರುವ ಯಾವ ಕಾಗದವಾದರೂ ಸರಿ ಅಂದೆ. ಸೋಪಿನ ಕವರು, ಬೀಜದ ಪೊಟ್ಟಣ, ಬಸ್ ಟಿಕೆಟು, ಗೊಬ್ಬರದ ಚೀಲದ ತುಂಡು, ಹೋಟೆಲಿನವನು ಬೋಂಡಾ ಕಟ್ಟಿಕೊಟ್ಟ ಹಳೇ ಪೇಪರು, ಎಲ್ಲ ಬಂದವು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, "ಇಷ್ಟ್ ದೊಡ್ಡ ಟಿ.ವಿ. ಇಟ್ಕೊಂಡು ಗುಜರಿ ಪಾಠ ಮಾಡ್ತೀರಲ್ಲ ಮಿಸ್" ಅಂದರು. ನನಗೆ ಚುರ್ರೆಂದಿತು. ನಮ್ಮ ಮಾವನವರದು ಗುಜರಿ ಅಂಗಡಿ. ಗುಜರಿಯಲ್ಲಿ ಏನೇನು ಸಿಗುತ್ತೆ ಅಂತ ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತು ಸಾರ್ ಅಂದೆ. ಅವರು ನಕ್ಕು ಹೋದರು. ಒಳ್ಳೆಯವರೇ, ನಾಲಿಗೆ ಸ್ವಲ್ಪ ಮುಂದು, ಅಷ್ಟೆ.

ಟಿ.ವಿ.ಯನ್ನು ನಾನು ಬದಿಗಿಡಲಿಲ್ಲ. ಕೀಟನಾಶಕದ ಬಾಟಲಿಯನ್ನು ಯಾರೂ ಮುಟ್ಟಿ ತರಕೂಡದು ಎಂದು ಖಡಾಖಂಡಿತ ಹೇಳಿ, ಅದರ ಚೀಟಿಯ ಫೋಟೊವನ್ನು ಟಿ.ವಿ.ಯಲ್ಲೇ ದೊಡ್ಡದು ಮಾಡಿ ತೋರಿಸಿದ್ದೆ. ಓರೆಯಾಗಿ ನಿಲ್ಲಿಸಿದ ಚೌಕ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪಿದ್ದರೆ ಎಲ್ಲಕ್ಕಿಂತ ಘೋರ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಹಸಿರು. ಬರಿಗಣ್ಣಿಗೆ ಇರುವೆ ಸಾಲಿನಂತೆ ಕಾಣುವ ಆ ಅಕ್ಷರಗಳು ಗೋಡೆಯಷ್ಟಗಲ ಆದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ಓದಿದರು.

ಆಮೇಲೆ ಬಂತು ಐಸ್‌ಕ್ರೀಮ್ ಡಬ್ಬಿಯ ದಿನ. ಟ್ಯಾಬಿನ ಕ್ಯಾಮೆರಾವನ್ನು ಯಾವ ವಸ್ತುವಿಗಾದರೂ ಹಿಡಿದರೆ ಅದು ಏನೆಂದು ಕನ್ನಡದಲ್ಲಿ ಹೇಳುತ್ತಿತ್ತು. ರಕ್ಷಿತಾ ಬಿಸಿಯೂಟದ ಜೊತೆ ನೆಂಚಿಕೊಳ್ಳಲು ಒಂದು ಡಬ್ಬಿ ತಂದಿದ್ದಳು. ಯಾರೋ ಟ್ಯಾಬನ್ನು ಅದಕ್ಕೆ ಹಿಡಿದರು. ಇದು ವೆನಿಲಾ ಐಸ್‌ಕ್ರೀಮ್, ತಣ್ಣಗಿನ ಜಾಗದಲ್ಲಿಡಿ ಎಂದು ಟ್ಯಾಬು ಗಂಭೀರವಾಗಿ ಹೇಳಿತು. ರಕ್ಷಿತಾ ಮುಚ್ಚಳ ತೆಗೆದಳು. ಒಳಗೆ ನಿಂಬೆಕಾಯಿ ಉಪ್ಪಿನಕಾಯಿ. ತರಗತಿ ಬಿದ್ದೂ ಬಿದ್ದೂ ನಕ್ಕಿತು.

ನಗು ನಿಂತ ಮೇಲೆ, ಹಾಗಾದರೆ ಟ್ಯಾಬು ಸುಳ್ಳು ಹೇಳಿತಾ ಎಂದು ಕೇಳಿದೆ. ಅರ್ಧ ಜನ ಹೌದು ಅಂದರು, ಅರ್ಧ ಜನ ಇಲ್ಲ ಅಂದರು. ರಕ್ಷಿತಾ ಎದ್ದು ನಿಂತು, "ಅದು ಸುಳ್ಳ್ ಏಳ್ನಿಲ್ಲ ಮಿಸ್. ಡಬ್ಬಿ ಮ್ಯಾಲಿದ್ದದ್ನ ಏಳ್ತು. ಅದ್ಕೆ ನಮ್ಮವ್ವ ಗೊತ್ತಿಲ್ವಲ್ಲ" ಅಂದಳು.

ಅವಳು ಹೇಳಿದ್ದು ಎಷ್ಟು ನಿಜ! ನಮ್ಮ ಕಡೆ ಯಾರ ಮನೆಯಲ್ಲಾದರೂ ಡಬ್ಬಿಯ ಮೇಲೆ ಬರೆದದ್ದು ಡಬ್ಬಿಯೊಳಗೆ ಇರುವುದುಂಟಾ? ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ ದಾರ, ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಿಸೆಹಣ್ಣು, ಬಣ್ಣದ ಡಬ್ಬದಲ್ಲಿ ಅಕ್ಕಿ. ಮಗುವಾಗಿದ್ದಾಗ ಬಿಸ್ಕತ್ತಿನ ಆಸೆಗೆ ಕೈ ಹಾಕಿ ಸೂಜಿ ಚುಚ್ಚಿಸಿಕೊಂಡದ್ದನ್ನು ಹೇಳಿದೆ. ಮಕ್ಕಳೂ ತಮ್ಮ ತಮ್ಮ ಮನೆಯದು ಹೇಳತೊಡಗಿದರು. ಹಿಂದಿನ ಬೆಂಚಿನಿಂದ ಯಾರೋ, ಬೆಳ್ಳಗಿರೋದೆಲ್ಲ ಹಾಲಲ್ಲ ಮಿಸ್ ಅಂದರು. ಅಂದು ಬೋರ್ಡಿನ ಮೂಲೆಯಲ್ಲಿ ಮೂರು ಪ್ರಶ್ನೆ ಬರೆದೆ. ಏನು ಬರೆದಿದೆ? ಯಾರು ಬರೆದರು? ಒಳಗಿರುವುದು ಅದೇನಾ? ಮೂರನೆಯದನ್ನು ಮಕ್ಕಳು ಸೂರು ಹಾರುವಂತೆ ಕೂಗುತ್ತಿದ್ದರು. ಆ ಡಬ್ಬಿಯ ಉಪ್ಪಿನಕಾಯಿಯನ್ನು ಎಲ್ಲರೂ ಹಂಚಿಕೊಂಡು ತಿಂದೆವು. ಬಲು ರುಚಿಯಾಗಿತ್ತು.

ಶ್ರಾವಣ ಬಂತು. ಚೆಂಡುಹೂವಿನ ಹೊಲಗಳು ಕೆಲವು ಅರಳಿದ್ದವು, ಕೆಲವು ಇನ್ನೂ ಮೊಗ್ಗು ಕಚ್ಚಿದ್ದವು. ಒಂದು ಸೋಮವಾರ ಬಿಸಿಯೂಟ ಮುಗಿದು ಮಕ್ಕಳು ತಟ್ಟೆ ತೊಳೆಯುತ್ತಿದ್ದರು. ಶಾಲೆಯ ಹಿಂದಿನ ಹೊಲದಿಂದ ಹೆಂಗಸೊಬ್ಬಳು ಕಾಂಪೌಂಡಿನ ಆಚೆ ನಿಂತು ರಕ್ಷಿತಾಳನ್ನು ಕೂಗಿದಳು. ನಿಮ್ಮವ್ವ ಬಿದ್ದವಳೆ, ಬಾ ಅಂದಳು. ಹುಡುಗಿ ತಟ್ಟೆ ಅಲ್ಲೇ ಬಿಟ್ಟು ಓಡಿದಳು. ನಾನೂ ಅವಳ ಹಿಂದೆ ಓಡಿದೆ.

ಮಹದೇವಮ್ಮ ಬದುವಿನ ಮೇಲೆ ಹೊಂಗೆ ಮರದ ಕೆಳಗೆ ಮಲಗಿದ್ದಳು. ಔಷಧಿ ಹೊಡೆಯುವ ಟ್ಯಾಂಕು ಪಕ್ಕದಲ್ಲಿತ್ತು. ಅದು ಸೋರಿ ಆಕೆಯ ಬೆನ್ನೆಲ್ಲ ನೆನೆದಿತ್ತು. ವಾಂತಿ ಮಾಡಿಕೊಂಡಿದ್ದಳು. ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು, ಬಾಯಿಂದ ಜೊಲ್ಲು. ಕರೆದರೆ ಕಣ್ಣು ತೆರೆಯುತ್ತಿದ್ದಳು, ಯಾರೆಂದು ಗುರುತು ಹಿಡಿಯುತ್ತಿರಲಿಲ್ಲ. ಸೋಮವಾರದ ಒಪ್ಪತ್ತು, ಬೆಳಗಿನಿಂದ ನೀರೂ ಕುಡಿದಿಲ್ಲ, ಬಿಸಿಲು ಹೊಡೆದಿದೆ ಎಂದು ಸುತ್ತ ನಿಂತವರು ಮಾತಾಡಿಕೊಳ್ಳುತ್ತಿದ್ದರು. ಒಬ್ಬಾಕೆ ಮಜ್ಜಿಗೆ ತರಲು ಮನೆಗೆ ಹೋಗಿದ್ದಳು.

ಮಹದೇವಮ್ಮನ ಮೈದುನ ಸಿದ್ದರಾಜು ಆಗತಾನೆ ಗುಂಡ್ಲುಪೇಟೆಯಿಂದ ಬಂದಿದ್ದ. ಅವನಿಗೆ ಓದು ಬಾರದು, ಏನಿದ್ದರೂ ಮೊಬೈಲಿನಿಂದಲೇ ಓದಿಸುವುದು. ಬದುವಿನ ಮೇಲಿದ್ದ ಔಷಧಿ ಬಾಟಲಿಗೆ ತನ್ನ ಮೊಬೈಲು ಹಿಡಿದು ಫೋಟೊ ತೆಗೆದ. ಮೊಬೈಲು ಸ್ಪಷ್ಟ ಕನ್ನಡದಲ್ಲಿ ಓದಿತು. ಇದು ಕಡಲಪಾಚಿಯಿಂದ ಮಾಡಿದ, ಗಿಡ ಚೆನ್ನಾಗಿ ಬೆಳೆಯಲು ಬಳಸುವ ಟಾನಿಕ್, ಜನ ದನಗಳಿಗೆ ಇದರಿಂದ ತೊಂದರೆಯಿಲ್ಲ ಅಂದಿತು. ಸಿದ್ದರಾಜು ಉಸಿರು ಬಿಟ್ಟ. "ಟಾನಿಕ್ಕು ಕಣ್ ಮಿಸ್. ಏನೂ ಆಗಲ್ಲ. ನೆಳ್ಳಲ್ಲಿ ಮನುಗ್ಲಿ, ಮಜ್ಗೆ ಕುಡುದ್ರೆ ಸರಿಯಾಯ್ತದೆ" ಅಂದ. ಎಲ್ಲರ ಮುಖವೂ ಸಡಿಲಾಯಿತು. ನನ್ನದೂ ಆಯಿತು. ದೇವರು ದೊಡ್ಡವನು ಅಂದುಕೊಂಡೆ.

ರಕ್ಷಿತಾ ಮಾತ್ರ ಆ ಬಾಟಲಿಯನ್ನೇ ನೋಡುತ್ತಿದ್ದಳು. ತಾಯಿಯ ತಲೆ ಅವಳ ತೊಡೆಯ ಮೇಲಿತ್ತು.

"ಮಿಸ್, ಆ ಮುಚ್ಚಳ ಅದ್ರದಲ್ಲ" ಅಂದಳು.

ನಾನು ನೋಡಿದೆ. ಬಾಟಲಿ ಬಿಳಿಯದು, ಮುಚ್ಚಳ ಬೇರೆಯದು, ಸರಿಯಾಗಿ ಕೂತೂ ಇರಲಿಲ್ಲ. ರಕ್ಷಿತಾ ಒಂದೇ ಉಸಿರಿಗೆ ಹೇಳಿದಳು. ಆ ಟಾನಿಕ್ಕನ್ನು ಹೋದ ವರ್ಷ ಅರಿಸಿನಕ್ಕೆ ಹೊಡೆದು ಮುಗಿಸಿದ್ದರು. ಖಾಲಿ ಬಾಟಲಿ ಕೊಟ್ಟಿಗೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಬೆಳಿಗ್ಗೆ ಹೂವಿನ ಗಿಡಕ್ಕೆ ಹುಳ ಬಿದ್ದಿದೆ ಎಂದು ಅವ್ವ ಆಚೆ ಮನೆ ಗೌರಮ್ಮನ ಹತ್ತಿರ ಔಷಧಿ ಕೇಳಲು ಹೋಗಿದ್ದಳು. "ಬಾಟ್ಲಿ ನಮ್ದು ಮಿಸ್, ಒಳ್ಗಿರೋದು ನಮ್ದಲ್ಲ" ಅಂದಳು.

ಬಾಟಲಿಯಲ್ಲಿರುವುದು ಗೌರಮ್ಮನ ಮನೆಯ ಔಷಧಿ ಎಂದು ನನಗೆ ಆಗ ಹೊಳೆಯಿತು. ಆ ಊರಿನಲ್ಲಿ ಅದು ರೂಢಿ. ಒಬ್ಬರು ದೊಡ್ಡ ಬಾಟಲಿ ತಂದರೆ ಪಕ್ಕದವರಿಗೆ ಅರ್ಧ ಬಗ್ಗಿಸಿ ಕೊಡುತ್ತಾರೆ, ಅವರು ಮುಂದೆ ಯಾವಾಗಲೋ ತಂದಾಗ ಇವರಿಗೆ ಕೊಡುತ್ತಾರೆ. ಕೈಗೆ ಸಿಕ್ಕ ಬಾಟಲಿ ತೆಗೆದುಕೊಂಡು ಹೋಗುತ್ತಾರೆ. ಸಕ್ಕರೆ, ಕಾಫಿಪುಡಿ ಕೈಬದಲು ಕೊಟ್ಟುಕೊಂಡಂತೆಯೇ ಇದೂ.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ತಾಯಿಯ ತಲೆಯನ್ನು ನನ್ನ ತೊಡೆಗೆ ಸರಿಸಿ ಗೌರಮ್ಮನ ಮನೆಯ ಕಡೆಗೆ ಓಡಿಬಿಟ್ಟಳು. ಮಜ್ಜಿಗೆ ಬಂತು. ಕೊಡಬೇಡಿ ಅಂದೆ. ತಂದಾಕೆ ಮುಖ ಊದಿಸಿಕೊಂಡಳು. ಯಾರು ಏನಾದರೂ ಅಂದುಕೊಳ್ಳಲಿ, ಕೊಡಬೇಡಿ ಅಂದರೆ ಕೊಡಬೇಡಿ ಎಂದು ಗದರಿದೆ. ಮಹದೇವಮ್ಮನ ಉಸಿರು ಗೊರಗೊರ ಅನ್ನತೊಡಗಿತ್ತು.

ರಕ್ಷಿತಾ ಬಂದಳು. ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಗೌರಮ್ಮನ ಮನೆಯ ಬಾಟಲಿ ಹಿಡಿದಿದ್ದಳು. ಹಿಂದೆಯೇ ಗೌರಮ್ಮ, ಎದೆ ಬಡಿದುಕೊಂಡು. ಸಿದ್ದರಾಜು ಮೊಬೈಲು ಹಿಡಿದ. ಚೀಟಿ ಹರಿದು ಎಣ್ಣೆ ಹಿಡಿದುಹೋಗಿತ್ತು. ಚಿತ್ರ ಸ್ಪಷ್ಟವಾಗಿಲ್ಲ, ಮತ್ತೊಮ್ಮೆ ತೆಗೆಯಿರಿ ಎಂದು ಮೊಬೈಲು ಹೇಳಿತು. ಮತ್ತೊಮ್ಮೆ ತೆಗೆದ. ಅದೇ ಮಾತು ಹೇಳಿತು.

"ಬುಡು ಚಿಕ್ಕಪ್ಪ, ನಾನೇ ಓದ್ತೀನಿ" ಅಂದಳು ರಕ್ಷಿತಾ.

ಬಾಟಲಿಯನ್ನು ನೆಲದ ಮೇಲಿಟ್ಟು, ಕವರು ಸುತ್ತಿದ ಬೆರಳನ್ನು ಅಕ್ಷರದ ಕೆಳಗೆ ಊರಿದಳು. ಮೊದಲು ಚೌಕ ತೋರಿಸಿದಳು. ಕೆಂಪು. ಆಮೇಲೆ ಓದತೊಡಗಿದಳು. ಎಷ್ಟು ನಿಧಾನ ಅಂದರೆ, ನನಗೆ ಬಾಟಲಿಯನ್ನು ಕಿತ್ತುಕೊಂಡುಬಿಡೋಣ ಅನ್ನಿಸಿತು. ಆದರೆ ಹೊರಗೆ ಹೊರಟಾಗ ನನ್ನ ಕನ್ನಡಕ ಸ್ಟಾಫ್ ರೂಮಿನ ಮೇಜಿನ ಮೇಲೇ ಉಳಿದಿತ್ತು. ಆ ಸಣ್ಣ ಅಕ್ಷರ ನನ್ನ ಕಣ್ಣಿಗೆ ಹತ್ತುತ್ತಿರಲಿಲ್ಲ. ಸುತ್ತ ನಿಂತ ಉಳಿದವರಿಗೂ ಓದು ಬಾರದು. ಅಲ್ಲಿದ್ದವರಲ್ಲಿ ಅದನ್ನು ಓದಬಲ್ಲವಳು ಅವಳೊಬ್ಬಳೇ. ಮೈಗೆ ತಾಗಿದರೆ ಬಟ್ಟೆಯನ್ನು ಕೂಡಲೇ ತೆಗೆದು ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಿರಿ. ಬೆವರು, ವಾಂತಿ, ಜೊಲ್ಲು ಸುರಿಯುವುದು ವಿಷದ ಲಕ್ಷಣ. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ, ಈ ಚೀಟಿಯನ್ನು ತೋರಿಸಿ. 'ಲಕ್ಷಣ' ಎಂಬಲ್ಲಿ ನಿಂತಳು. ಮತ್ತೆ ಹಿಂದಕ್ಕೆ ಹೋಗಿ, ಕೂಡಿಸಿಕೊಂಡು ಓದಿದಳು.

ಆಮೇಲೆ ನಮಗೆ ಕೈಕಾಲು ಬಂತು. ಗಂಡಸರನ್ನು ಆಚೆ ಕಳಿಸಿ, ಹೆಂಗಸರು ಸೀರೆ ಅಡ್ಡ ಹಿಡಿದರು. ಕೈಗೆ ಕವರು ಸುತ್ತಿಕೊಂಡು ಒದ್ದೆ ರವಿಕೆ, ಸೀರೆ ತೆಗೆದು, ಬೋರ್‌ವೆಲ್ ನೀರಿನಲ್ಲಿ ಬಟ್ಟೆಸೋಪು ಹಚ್ಚಿ ಬೆನ್ನು ತೊಳೆದೆವು. ಗೌರಮ್ಮ ಅಳುತ್ತಲೇ ನೀರು ಹೊಯ್ದಳು. ನನ್ನ ದುಪಟ್ಟಾವನ್ನೂ ಯಾರದೋ ಸೀರೆಯನ್ನೂ ಸುತ್ತಿದೆವು. ಹೂವು ಸಾಗಿಸುವ ಪಿಕಪ್ ಗಾಡಿ ರಸ್ತೆಯಲ್ಲಿ ನಿಂತಿತ್ತು. ಸಿದ್ದರಾಜು ಅತ್ತಿಗೆಯನ್ನು ಎತ್ತಿ ಹೂವಿನ ಚೀಲಗಳ ಮೇಲೆ ಒಂದು ಮಗ್ಗುಲಾಗಿ ಮಲಗಿಸಿದ. ದಾರಿಯುದ್ದಕ್ಕೂ ಚೆಂಡುಹೂವಿನ ವಾಸನೆ. ಇವತ್ತಿಗೂ ಹಬ್ಬದ ಬಾಗಿಲಿಗೆ ಚೆಂಡುಹೂ ಕಟ್ಟಿದ್ದು ಕಂಡರೆ ನನಗೆ ಆ ಗೊರಗೊರ ಉಸಿರೇ ಕೇಳಿಸುತ್ತದೆ.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಕೈಯಲ್ಲಿ ಮಹದೇವಮ್ಮನ ಕಣ್ಣು ಬಿಡಿಸಿ ನೋಡುತ್ತ, ಯಾವ ಔಷಧಿ ಎಂದು ಕೇಳಿದರು. ರಕ್ಷಿತಾ ಬಾಟಲಿ ಮುಂದೆ ಹಿಡಿದಳು. ಅವರು ಚೀಟಿ ನೋಡಿದವರೇ ನರ್ಸಿಗೆ ಏನೋ ಹೇಳಿದರು, ಇಂಜೆಕ್ಷನ್ ಶುರುವಾಯಿತು. ಆಮೇಲೆ ಆಂಬುಲೆನ್ಸಿನಲ್ಲಿ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಹೊರಡುವ ಮುಂಚೆ ನನ್ನನ್ನು ಕರೆದು, ಮೈ ತೊಳೆದದ್ದು ಒಳ್ಳೆಯದಾಯಿತು, ಮಜ್ಜಿಗೆ ಕುಡಿಸಿ ಮರದ ಕೆಳಗೆ ಮಲಗಿಸಿಕೊಂಡು ಕೂತಿದ್ದರೆ ನನ್ನ ಕೈಲೂ ಏನೂ ಆಗುತ್ತಿರಲಿಲ್ಲ ಅಂದರು.

ಚಾಮರಾಜನಗರದಲ್ಲಿ ಮಹದೇವಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಉಸಿರಾಟದ ಯಂತ್ರ ಹಾಕಿದರು. ಸಿದ್ದರಾಜು ಚೀಟಿ ಮಾಡಿಸಲು ಓಡಾಡುತ್ತಿದ್ದ. ರಕ್ಷಿತಾಳ ಅಪ್ಪ ಬದನಗುಪ್ಪೆಯಿಂದ ಇನ್ನೂ ಬಂದಿರಲಿಲ್ಲ. ನಾವಿಬ್ಬರೇ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಹುಡುಗಿ ಅಷ್ಟು ಹೊತ್ತೂ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. ಬಾಗಿಲನ್ನೇ ನೋಡುತ್ತ ಇದ್ದಕ್ಕಿದ್ದಂತೆ ಕೇಳಿದಳು.

"ಮಿಸ್, ನಾನ್ ಸರಿಯಾಗ್ ಓದುದ್ನಾ?"

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು. ತಾನು ಯಾವುದೋ ಅಕ್ಷರ ತಪ್ಪಿಸಿರಬಹುದು, ಅದರಿಂದ ಅವ್ವನಿಗೆ ಏನಾದರೂ ಆಗಿಬಿಡಬಹುದು ಎಂಬ ಭಯವನ್ನು ಆ ಮಗು ಹೊಲದಿಂದ ಅಲ್ಲಿಯವರೆಗೂ ಒಬ್ಬಳೇ ಹೊತ್ತುಕೊಂಡು ಬಂದಿತ್ತು.

"ಒಂದಕ್ಷರಾನೂ ತಪ್ಪಿಲ್ಲ ಕಣಮ್ಮಿ" ಅಂದೆ. ಆಗ ಅತ್ತಳು. ನನ್ನ ಮಡಿಲಲ್ಲಿ ಮುಖ ಹುದುಗಿಸಿ, ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ಆಮೇಲೆ ಮುಖ ಒರೆಸಿಕೊಂಡು ಕೂತು, ಆಸ್ಪತ್ರೆಯ ಗೋಡೆಯ ಮೇಲಿದ್ದ ಬೋರ್ಡುಗಳನ್ನೆಲ್ಲ ಮೆಲ್ಲಗೆ ಒಂದೊಂದಾಗಿ ಓದತೊಡಗಿದಳು. ಇಲ್ಲಿ ಉಗುಳಬಾರದು. ಶಬ್ದ ಮಾಡಬೇಡಿ. ತಾಯಿಯ ಹಾಲು ಮಗುವಿಗೆ ಅಮೃತ. ಅವಳ ಅಪ್ಪ ಬರುವವರೆಗೂ ಓದುತ್ತಲೇ ಇದ್ದಳು. ನಾನು ಪ್ರತಿ ಬೋರ್ಡಿಗೂ ಸರಿ, ಸರಿ ಅನ್ನುತ್ತಿದ್ದೆ.

ಮಹದೇವಮ್ಮ ಬದುಕಿದಳು. ಯಂತ್ರ ತೆಗೆಯುವವರೆಗಿನ ಆ ದಿನಗಳಲ್ಲಿ ನಾನು ನಮಾಜಿನಲ್ಲಿ ಆಕೆಯ ಹೆಸರು ಬಿಟ್ಟಿಲ್ಲ. ಗೌರಮ್ಮ ಮನೆಮನೆಗೂ ಹೋಗಿ, ತಾನು ಕೊಡುವಾಗ ಇದು ಜೋರು ಔಷಧಿ ಎಂದು ಹೇಳಿದ್ದೆ, ಆಣೆಗೂ ಹೇಳಿದ್ದೆ ಎಂದು ಗೋಳಾಡಿದಳಂತೆ. ಅವಳನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ. ಹಾಗೆ ಬಗ್ಗಿಸಿ ಕೊಡದ ಮನೆ ಆ ಊರಿನಲ್ಲಿ ಯಾವುದಿತ್ತು? ಸಿದ್ದರಾಜು ಬಹಳ ದಿನ ನನ್ನ ಕಣ್ಣು ತಪ್ಪಿಸಿ ಓಡಾಡಿದ. ಪಾಪ, ಅವನ ಮೊಬೈಲು ಓದಿದ್ದರಲ್ಲೂ ಒಂದಕ್ಷರ ತಪ್ಪಿರಲಿಲ್ಲ. ಹೆಡ್‌ಮಾಸ್ಟರು ಮಾತ್ರ ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ, ಇನ್ನು ಮೇಲೆ ಎಲ್ಲ ತರಗತಿಗೂ ವಾರಕ್ಕೊಮ್ಮೆ ಗುಜರಿ ಪಾಠ ಎಂದು ಘೋಷಿಸಿದರು. ಹೆಸರು ಬದಲಿಸಲಿಲ್ಲ. ನನಗೂ ಬೇಜಾರಾಗಲಿಲ್ಲ.

ಶಿವರಾತ್ರಿ ಹತ್ತಿರವಿದ್ದಾಗ ಮಹದೇವಮ್ಮ ಶಾಲೆಗೆ ಬಂದಳು. ತುಂಬ ಇಳಿದುಹೋಗಿದ್ದಳು. ಆ ಸೋಮವಾರದ ನಂತರ ಆಕೆಯ ಬಲಗೈ ನಡುಗುತ್ತದೆ, ಇನ್ನೂ ಸರಿಹೋಗಿಲ್ಲ. ಈ ಸಲ ನನ್ನ ಮುಖ ನೋಡಿಯೇ ಮಾತಾಡಿದಳು. ಸೆರಗಿನೊಳಗಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅದೇ ಐಸ್‌ಕ್ರೀಮ್ ಡಬ್ಬಿ. ಅದರ ಮೇಲಿದ್ದ ಚಿತ್ರ ಕಾಣದಂತೆ ಬಿಳಿ ಕಾಗದ ಅಂಟಿಸಿ, ಪೆನ್ನಿನಲ್ಲಿ ದಪ್ಪಗೆ 'ಉಪ್ಪಿನಕಾಯಿ' ಎಂದು ಬರೆದಿತ್ತು. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ, ಸೊಟ್ಟಸೊಟ್ಟ. ಒತ್ತಕ್ಷರವನ್ನು ಒಂದು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದರು. ರಕ್ಷಿತಾಳ ಕೈಬರಹ ನನಗೆ ಗೊತ್ತು, ಅದಾಗಿರಲಿಲ್ಲ.

"ನಾನೇ ಬರ್ದೆ ಕಣವ್ವ. ಮಗ ಯೋಳ್ಕೊಟ್ಲು" ಅಂದಳು ಮಹದೇವಮ್ಮ. ಮಗಳನ್ನೂ ಮಗ ಎಂದೇ ಕರೆಯುವುದು ಅಲ್ಲಿಯ ಮುದ್ದು. ಅಡುಗೆಮನೆಯ, ಕೊಟ್ಟಿಗೆಯ ಎಲ್ಲ ಡಬ್ಬಿ ಬಾಟಲಿಗಳ ಮೇಲೂ ಈಗ ನಾನೇ ಬರೆಯುತ್ತೇನೆ, ಕೈ ನಡುಗುವುದರಿಂದ ಒಂದೊಂದಕ್ಕೂ ಹೊತ್ತು ಹಿಡಿಯುತ್ತದೆ ಅಂದಳು. ಆಕೆ ಹೋದ ಮೇಲೆ ನಾನು ಆ ಅಕ್ಷರಗಳ ಕೆಳಗೆ ಬೆರಳೂರಿ ಒಂದೊಂದಾಗಿ ಓದಿದೆ.

ಉಪ್ಪಿನಕಾಯಿ ಮುಗಿದು ಎಷ್ಟೋ ದಿನವಾಯಿತು. ಡಬ್ಬಿಯನ್ನು ತೊಳೆದು ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟಿದ್ದೇನೆ. ಒಳ್ಳೇ ಡಬ್ಬಿ, ಮುಚ್ಚಳ ಬಿಗಿಯಾಗಿದೆ, ಸುಮ್ಮನೆ ಯಾಕೆ ಖಾಲಿ ಬಿಟ್ಟಿದ್ದೀಯ, ಜೀರಿಗೆ ಹಾಕಿಡು ಎಂದು ಅತ್ತೆ ಹೇಳುತ್ತಲೇ ಇರುತ್ತಾರೆ. ನನ್ನ ಕೈಲಿ ಆಗುವುದಿಲ್ಲ. ಅದರ ಮೇಲೆ ಉಪ್ಪಿನಕಾಯಿ ಎಂದು ಬರೆದಿದೆ. ಬರೆದವಳು ಯಾರೆಂದು ನನಗೆ ಗೊತ್ತು. ಬೇರೇನನ್ನೂ ಅದರೊಳಗೆ ಹಾಕಲಾರೆ.